ಈಥೀರಿಯಲ್ ಗುರುಸಿದ್ದಪ್ಪನವರದು, ಫೇ ಯಾರದೂ ಅಲ್ಲ

ನಮ್ಮ ಕೆಲಸದಲ್ಲಿ ನಿವೃತ್ತಿಗೆ ಇಂತಿಷ್ಟೇ ವಯಸ್ಸು ಎಂಬುದಿಲ್ಲ. ಮೊಣಕಾಲು ಎಂದು ಹೇಳುತ್ತದೋ ಅಂದೇ ನಿವೃತ್ತಿ. ನನ್ನ ಎಡಮೊಣಕಾಲು ಹೋದ ವರ್ಷ ಬಾದಾಮಿಯ ಎರಡನೆಯ ಗುಹೆಯ ಮೆಟ್ಟಿಲ ಮೇಲೆ ‘ಸಾಕಪ್ಪ’ ಎಂದಿತು. ಬಲಮೊಣಕಾಲು ಅದಕ್ಕೆ ಹೂಂಗುಟ್ಟಿತು. ಹಾರ ಹಾಕಲಿಲ್ಲ, ಶಾಲು ಹೊದಿಸಲಿಲ್ಲ. ಜೊತೆಗಾರ ಹುಸೇನಸಾಬ ಒಂದು ಚಹಾ ಕುಡಿಸಿ, ‘ಹೋಗಿ ಮಲಕ್ಕೋ ಹೋಗು’ ಎಂದು ಮನೆಗೆ ಕಳಿಸಿದ. ಅಲ್ಲಿಗೆ ಗೈಡ್ ಶಂಕ್ರಪ್ಪನ ವೃತ್ತಿಜೀವನ ಮುಗಿಯಿತು.

ಈಗ ಹೊಸದಾಗಿ ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡ ಹುಡುಗರು, ಇಬ್ಬರು ಹುಡುಗಿಯರೂ, ಮನೆಗೆ ಬಂದು ‘ಕಾಕಾ, ಈ ಕೆಲಸದ ಗುಟ್ಟು ಹೇಳ್ರಿ’ ಎನ್ನುತ್ತಾರೆ. ಇಸವಿ, ರಾಜರ ಹೆಸರು, ಯಾವ ಕಂಬಕ್ಕೆ ಎಷ್ಟು ಮೂಲೆ ಎಂಬುದನ್ನೆಲ್ಲ ನಾನು ಹೇಳಬೇಕಿಲ್ಲ. ಅದು ಫೋನಿನಲ್ಲಿದೆ. ಪ್ರವಾಸಿಗೂ ಗೊತ್ತಿದೆ, ನಿಮಗಿಂತ ಹೆಚ್ಚು ಗೊತ್ತಿದೆ. ನಾನು ಹೇಳುವುದು ನಮ್ಮ ಕಾಲದ ನಿಜವಾದ ಬಂಡವಾಳದ ಬಗ್ಗೆ. ಅದು ಇಂಗ್ಲಿಷ್ ಶಬ್ದಗಳು. ನಗಬೇಡಿ. ಇಳಕಲ್ಲಿನ ನೇಕಾರನಿಗೆ ಮಗ್ಗ ಹೇಗೋ ನಮಗೆ ಶಬ್ದ ಹಾಗೆ.

ನಮ್ಮಲ್ಲಿ ಶಬ್ದಗಳಿಗೆ ಒಡೆಯರಿದ್ದರು. ಗುಹೆಗಳ ಕೆಳಗಿನ ಬೇವಿನ ಮರದಡಿ ಯುಗಾದಿಯ ಬೆಳಿಗ್ಗೆ ಗೈಡುಗಳೆಲ್ಲ ಸೇರಿ ಬೇವು ಬೆಲ್ಲ ತಿಂದು, ಆ ವರ್ಷದ ಶಬ್ದಗಳನ್ನು ಹಂಚಿಕೊಳ್ಳುತ್ತಿದ್ದೆವು. ಊರಿನವರು ಗುಡಿಯಲ್ಲಿ ಪಂಚಾಂಗ ಕೇಳುವ ಹೊತ್ತಿಗೆ ನಾವು ಇಲ್ಲಿ ಹಣೆಬರಹದ ಇಂಗ್ಲಿಷ್ ಶಬ್ದಗಳಿಗೆ ಜಗಳಾಡುತ್ತಿದ್ದೆವು. ‘ಈರಿ’ ಹುಸೇನಸಾಬನದು. ‘ಅನ್‌ಕ್ಯಾನಿ’ ಮತ್ತು ‘ಫೇಟ್’ ನನ್ನವು. ಒಬ್ಬನ ಶಬ್ದವನ್ನು ಇನ್ನೊಬ್ಬ ಪ್ರವಾಸಿಯ ಮುಂದೆ ಬಳಸಿದರೆ ಎಲ್ಲರಿಗೂ ಮಿರ್ಚಿ ಭಜಿ ತಿನ್ನಿಸಬೇಕು. ಹೀಗೇಕೆ ಎಂದು ಕೇಳಬಹುದು. ಒಂದೇ ಬಸ್ಸಿನಲ್ಲಿ ಬಂದ ಮಂದಿ ನಾಲ್ಕು ಗೈಡುಗಳ ಹಿಂದೆ ಹೋಗಿ, ನಾಲ್ವರೂ ಅದೇ ‘ವಂಡರ್‌ಫುಲ್’ ಒದರಿದರೆ, ಸಂಜೆ ಹೋಟೆಲ್ಲಿನಲ್ಲಿ ಕೂತು ನಮ್ಮನ್ನು ಗಿಳಿಗಳು ಎಂದು ನಗುತ್ತಾರೆ. ಮರ್ಯಾದೆಯ ಪ್ರಶ್ನೆ.

ಈ ಶಬ್ದಗಳೆಲ್ಲ ಬಂದದ್ದು ಎಡ್ನಾಬಾಯಿಯಿಂದ. ಸ್ಕಾಟ್ಲೆಂಡಿನ ಮುದುಕಿ, ಪ್ರತಿ ಚಳಿಗಾಲ ಬಂದು ಕೆರೆಯ ದಂಡೆಯಲ್ಲಿ ಮಡಿಚುವ ಕುರ್ಚಿ ಹಾಕಿ ಕೆಂಪು ಗುಡ್ಡದ ಚಿತ್ರ ಬರೆಯುತ್ತಿದ್ದಳು. ಪುಣ್ಯಾತ್ಮಳ ಬಾಯಲ್ಲಿ ಅಕ್ಕಿ ಬೇಳೆಯ ಮಾತೇ ಬರುತ್ತಿರಲಿಲ್ಲ. ಬಂದರೆ ವಿಧಿ, ಸಾವು, ದೆವ್ವ, ಗಂಧರ್ವ, ಆಚೆಯ ಲೋಕ. ಒಂದು ಚಹಾಕ್ಕೆ ಒಂದು ಶಬ್ದ ಕೊಡುತ್ತಿದ್ದಳು. ಅರ್ಥ ಹೇಳುವಾಗ ಕೈ, ಕಣ್ಣು, ಹುಬ್ಬು ಎಲ್ಲ ಬಳಸುತ್ತಿದ್ದಳು. ಉಳಿದದ್ದನ್ನು ನಾವು ನಮ್ಮ ಬಾಳುವೆಯಿಂದ ತುಂಬಿಕೊಳ್ಳುತ್ತಿದ್ದೆವು.

ಉದಾಹರಣೆಗೆ ಫೇಟ್, ಡೆಸ್ಟಿನಿ, ಡೂಮ್. ಮೂರಕ್ಕೂ ನಿಮ್ಮ ಫೋನು ಹಣೆಬರಹ ಎಂದೇ ಹೇಳುತ್ತದೆ. ಅಷ್ಟು ಸಾಲದು. ಬಾಗಲಕೋಟೆಗೆ ಹೋಗಬೇಕೆಂದು ನಿಂತವನಿಗೆ ಗದಗಿನ ಬಸ್ಸು ಸಿಗುವುದು ಫೇಟ್. ಆ ಗದಗಿನ ಬಸ್ಸಿನಲ್ಲೇ ಮುಂದೆ ನಿಮ್ಮ ಹೆಂಡತಿಯಾಗುವವಳು ಕುಳಿತಿರುವುದು ಡೆಸ್ಟಿನಿ. ಅವಳ ಪಕ್ಕದಲ್ಲೇ ಅವಳ ಅಣ್ಣನೂ ಕುಳಿತಿರುವುದು ಡೂಮ್. ಇದು ನನ್ನ ಸ್ವಂತ ಅನುಭವ. ಆ ಅಣ್ಣ ಈಗಲೂ ಹುನಗುಂದದಲ್ಲಿದ್ದಾನೆ, ಬೇಕಾದರೆ ಹೋಗಿ ನೋಡಿ.

ಈರಿ ಎಂದರೆ ಎದುರಿಗೆ ಏನೂ ಇಲ್ಲದಿದ್ದರೂ ಕತ್ತಿನ ಹಿಂದಿನ ಕೂದಲು ಏಳುವುದು. ಹುಸೇನಸಾಬ ಇದನ್ನು ಕೋಟೆಗೆ ಹೋಗುವ ಬಂಡೆಗಳ ಸಂದಿಯಲ್ಲಿ, ದನಿ ತಗ್ಗಿಸಿ, ಒಂದೇ ಸಲ ಹೇಳುತ್ತಿದ್ದ. ಪ್ರವಾಸಿಗಳು ಒಬ್ಬರಿಗೊಬ್ಬರು ಅಂಟಿಕೊಳ್ಳುತ್ತಿದ್ದರು. ಒಮ್ಮೆ ಅವನು ‘ಈರಿ’ ಎಂದ ಗಳಿಗೆಗೆ ಸರಿಯಾಗಿ ಮೇಲಿಂದ ಒಂದು ಮಂಗ ಅವನ ಹೆಗಲ ಮೇಲೆ ಹಾರಿತು. ಎಲ್ಲರಿಗಿಂತ ಮುಂದೆ ಕೆಳಗೆ ಓಡಿಬಂದವನು ಅವನೇ. ಅನ್‌ಕ್ಯಾನಿ ಬೇರೆ. ಅದರಲ್ಲಿ ಹೆದರಿಕೆಗಿಂತ ಗುರುತು ಹೆಚ್ಚು. ಸಾವಿರದ ನಾನೂರು ವರ್ಷದ ಹಿಂದಿನ ಕಲ್ಲಿನಲ್ಲಿ ನಿಮ್ಮ ಅತ್ತೆಯ ಮುಖ ಕಂಡ ಹಾಗೆ. ಮೂರನೆಯ ಗುಹೆಯಲ್ಲಿದೆ, ತೋರಿಸುತ್ತೇನೆ.

ತಪ್ಪುಗಳೂ ಆದವು. ವಿಯರ್ಡ್ ಎಂಬ ಶಬ್ದಕ್ಕೆ ಹಳೆಯ ಕಾಲದಲ್ಲಿ ವಿಧಿ ಎಂದೇ ಅರ್ಥವಿತ್ತೆಂದು ಎಡ್ನಾಬಾಯಿ ಹೇಳಿದ್ದಳು. ‘ವಿಚಿತ್ರ’ ಎಂಬ ಈಗಿನ ಕಾಲದ ಅರ್ಥ ಹೇಳುವಷ್ಟರಲ್ಲಿ ಚಹಾ ಮುಗಿದಿತ್ತು. ನಾನು ಪಟ್ಟದಕಲ್ಲಿನಲ್ಲಿ ಪುಣೆಯ ನವದಂಪತಿಗೆ ಕೈ ಎತ್ತಿ, ‘ಯುವರ್ ಮ್ಯಾರೇಜ್ ಈಸ್ ವೆರಿ ವಿಯರ್ಡ್’ ಎಂದು ಆಶೀರ್ವಾದ ಮಾಡಿದೆ. ಗಂಡ ಸೆಟೆದು ನಿಂತ. ಹೆಂಡತಿ ಮಾತ್ರ ಮಲಪ್ರಭೆಯ ದಂಡೆಯವರೆಗೂ ನಗುತ್ತಾ ಹೋಗಿ, ನಗುತ್ತಾ ಬಂದು, ಈ ಮನುಷ್ಯನಿಗೆ ಎಲ್ಲ ಗೊತ್ತು ಎಂದು ಹಿಂದಿಯಲ್ಲಿ ಹೇಳಿ ನನ್ನ ಕೈ ಕುಲುಕಿದಳು. ಅವರ ಸಂಸಾರ ಏನಾಯಿತೋ.

ಈ ಎಲ್ಲ ಶಬ್ದಗಳ ಮೇಲೆ ಒಂದು ಶಬ್ದವಿತ್ತು. ಈಥೀರಿಯಲ್. ನೆಲದ ಭಾರವೇ ಇಲ್ಲದ, ಮುಟ್ಟಿದರೆ ಕರಗುವ, ಈ ಲೋಕದ್ದಲ್ಲದ ಚೆಲುವು ಎಂದು ಅರ್ಥ. ಗುಹೆಯ ಚಾವಣಿಯಲ್ಲಿ ಹಾರುವ ಗಂಧರ್ವ ದಂಪತಿಗಳನ್ನು ತೋರಿಸಿ ಇದನ್ನು ಹೇಳಿದರೆ ಕಲ್ಲೆದೆಯ ಪ್ರವಾಸಿಯೂ ‘ಆಹ್’ ಎನ್ನುತ್ತಿದ್ದ. ಅದು ನಮ್ಮ ಹಿರಿಯರಾದ ಗುರುಸಿದ್ದಪ್ಪನವರ ಸ್ವತ್ತು. ಅವರದು ಜೋಳದ ಚೀಲದಂಥ ದೇಹ. ಅಂಥವರ ಬಾಯಲ್ಲಿ ಈ ಶಬ್ದ. ನಾನು ಎಷ್ಟೋ ಯುಗಾದಿಗಳಲ್ಲಿ ಅದನ್ನು ಬೇಡಿದ್ದೆ. ‘ನೀ ಇನ್ನೂ ಫೇಟಿಗೇ ಲಾಯಕ್ಕಿಲ್ಲ, ಕತ್ತಿ’ ಎನ್ನುತ್ತಿದ್ದರು. ಕತ್ತಿ ಎಂದರೆ ನಮ್ಮ ಕಡೆ ಕತ್ತೆ; ಅವರ ಬಾಯಲ್ಲಿ ನನಗೆ ಅದೇ ಹೆಸರು.

ಗುರುಸಿದ್ದಪ್ಪನವರ ಬಗ್ಗೆ ನಿಮಗೆ ಎರಡು ಮಾತು ತಿಳಿದಿರಬೇಕು. ಒಂದು, ಅವರು ಭಾಳ ಜಿಪುಣ, ಅದಕ್ಕಿಂತ ಹೆಚ್ಚು ಸಿಡುಕ. ಇನ್ನೊಂದು, ಅವರ ಕಿವಿ ಕಲ್ಲಾಗಿ ವರ್ಷಗಳೇ ಆಗಿದ್ದವು. ಅದನ್ನು ಅವರು ಒಪ್ಪುತ್ತಿರಲಿಲ್ಲ. ಪ್ರವಾಸಿ ಏನು ಕೇಳಿದರೂ ‘ಸಿಕ್ಸ್ತ್ ಸೆಂಚುರಿ’ ಎಂದುಬಿಡುತ್ತಿದ್ದರು. ಬಾದಾಮಿಯಲ್ಲಿ ಅದು ಹೆಚ್ಚಿನ ಸಲ ಸರಿಯೇ ಆಗುತ್ತದೆ. ನಿಮಗೆ ಮಕ್ಕಳೆಷ್ಟು ಎಂದು ಒಬ್ಬಳು ಕೇಳಿದಾಗ ಮಾತ್ರ ಸ್ವಲ್ಪ ತೊಂದರೆಯಾಯಿತು. ಅವರ ಎದುರೇ ನಾವು ಅವರನ್ನು ಬೈದುಕೊಳ್ಳುತ್ತಿದ್ದೆವು, ಅವರು ಗಂಭೀರವಾಗಿ ತಲೆಯಾಡಿಸುತ್ತಿದ್ದರು.

ಒಂದು ಚಳಿಗಾಲದ ಕೊನೆಗೆ, ಊರಿಗೆ ಹೊರಡುವ ಮುನ್ನ, ಎಡ್ನಾಬಾಯಿ ಹೊಸ ಶಬ್ದ ಕೊಟ್ಟಳು. ಫೇ. ಅವಳ ಸೀಮೆಯ ಹಳೆಯ ಮಾತಂತೆ. ಸಾವು ಬರೆದಾಗಿರುವ ಮನುಷ್ಯನಿಗೆ ಕೊನೆಯ ದಿನಗಳಲ್ಲಿ ಒಂದು ವಿಚಿತ್ರ ಗೆಲುವು ಬರುತ್ತದೆ. ಸುಮ್ಮಸುಮ್ಮನೆ ನಗುತ್ತಾನೆ. ಕೈ ಬಿಗಿಯಿದ್ದವನು ದಾನ ಮಾಡುತ್ತಾನೆ. ಅವನ ಮುಖದಲ್ಲಿ ಆಚೆಯ ಲೋಕದ ಬೆಳಕು ಕಾಣುತ್ತದೆ. ಅಂಥವನು ಫೇ.

‘ಅಯ್ಯ, ಇದು ನಮ್ಮಲ್ಲೂ ಐತ್ರಿ ಬಾಯಿ’ ಎಂದ ಹುಸೇನಸಾಬ. ‘ಹುಟ್ಟುಗುಣ ಸುಟ್ರೂ ಹೋಗಂಗಿಲ್ಲ ಅಂತಾರ. ಸುಡಲಾರದ ಹೋತು ಅಂದ್ರ ಮನಶ್ಯಾ ಹೊಂಟ ಅಂತ ತಿಳೀಬೇಕು.’

ಆ ಯುಗಾದಿಗೆ ಫೇ ಶಬ್ದವನ್ನು ಯಾರೂ ತೆಗೆದುಕೊಳ್ಳಲಿಲ್ಲ. ಅಪಶಕುನ. ಹಾಗೆಯೇ ಅನಾಥವಾಗಿ ಉಳಿಯಿತು.

ಯುಗಾದಿ ಕಳೆದು ಬಿಸಿಲು ಏರಿದ ದಿನಗಳವು. ಒಂದು ಬೆಳಿಗ್ಗೆ ಗುರುಸಿದ್ದಪ್ಪನವರು ತಮ್ಮೂರು ಚೊಳಚಗುಡ್ಡದಿಂದ ಟಂಟಂ ರಿಕ್ಷಾದಲ್ಲಿ ಬಂದಿಳಿದು, ಭಜಿ ಅಂಗಡಿಯವನಿಗೆ ‘ಎಲ್ಲಾರಿಗೂ ಒಂದೊಂದು ಪ್ಲೇಟ್ ಕೊಡಪಾ’ ಎಂದರು. ನಾವು ಭಜಿ ಮುಟ್ಟಲಿಲ್ಲ. ಯಾರಿಗೋ ಬರಬೇಕಾದ ಭಜಿ ನಮಗೆ ಬಂದಿದೆ ಎಂದುಕೊಂಡೆವು. ‘ತಿನ್ರಲೇ’ ಎಂದು ಅವರು ನಕ್ಕರು. ಅವರ ಹಲ್ಲುಗಳನ್ನು ನಾನು ನೋಡಿದ್ದು ಅದೇ ಮೊದಲು.

ಆಮೇಲೆ ಒಂದೊಂದೇ ಲಕ್ಷಣ. ಕನ್ನಡಕದ ಡಬ್ಬಿ ಕಸಿದುಕೊಂಡ ಮಂಗಕ್ಕೆ ಕಲ್ಲು ಬೀಸದೆ, ಅದು ಕಿಚಿಕಿಚಿ ಎನ್ನುವುದನ್ನು ಮೊಮ್ಮಗನ ಮಾತು ಕೇಳುವಂತೆ ನಿಂತು ನೋಡಿದರು. ಗುಹೆಯೊಳಗೆ ಕಣ್ಣುಮುಚ್ಚಿ ಒಬ್ಬರೇ ನಗುತ್ತಿದ್ದರು. ಬೆಂಕಿಯಂಥ ಬಿಸಿಲಿನಲ್ಲಿ ರುಮಾಲನ್ನು ಕಿವಿ ಮುಚ್ಚುವಂತೆ ಕೆಳಗೆ ಎಳೆದು ಸುತ್ತುತ್ತಿದ್ದರು. ‘ಚಳಿ ಹತ್ತೈತಿ. ಇದು ನಮ್ಮ ನಿಮ್ಮ ಚಳಿ ಅಲ್ಲ’ ಎಂದು ಹುಸೇನಸಾಬ ಪಿಸುಗುಟ್ಟಿದ.

ನನಗೆ ನಿಜವಾಗಿ ಎದೆ ಧಸಕ್ಕೆಂದದ್ದು ಆ ವಾರದ ಕೊನೆಗೆ. ಮರದಡಿ ನನ್ನನ್ನು ಕರೆದು ಕೂಡಿಸಿಕೊಂಡು, ‘ಶಂಕ್ರಪ್ಪ, ಇವತ್ತಿನಿಂದ ಈಥೀರಿಯಲ್ ನಿಂದು’ ಎಂದರು.

‘ಯಾಕ್ರಿ?’ ಎಂದೆ.

‘ಸುಮ್ಕ ತಗೋ. ನಾ ಏನ್ ಕಟಕೊಂಡ ಹೋಗ್ತೇನೇನು?’

ಎಷ್ಟೋ ವರ್ಷ ಬೇಡಿದ ಶಬ್ದ. ಸಿಕ್ಕಿತು. ಆದರೆ ಕತ್ತಿ ಎನ್ನದೆ ಶಂಕ್ರಪ್ಪ ಎಂದರಲ್ಲ, ಅದನ್ನು ಕೇಳಿ ನನಗೆ ಅಳು ಬಂತು. ಮರುದಿನ ಚಾವಣಿಯ ಗಂಧರ್ವರ ಕೆಳಗೆ ಪ್ರವಾಸಿಗಳನ್ನು ನಿಲ್ಲಿಸಿದೆ. ಶಬ್ದ ನಾಲಿಗೆಯ ತುದಿಗೆ ಬಂತು. ಹೇಳಲಿಲ್ಲ. ನಾನು ಅದನ್ನು ಬಾಯಿಬಿಟ್ಟು ಹೇಳಿದ ಗಳಿಗೆಯೇ ಅಲ್ಲಿ ಅವರ ಪ್ರಾಣ ಹೋಗುತ್ತದೆ ಎಂದು ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ‘ವೆರಿ ನೈಸ್’ ಎಂದು ಹೇಳಿ ಮುಂದೆ ಹೋದೆ. ಹುಚ್ಚುತನ ಎನ್ನುತ್ತೀರಿ. ಎನ್ನಿ.

ಅದೇ ದಿನ ಇನ್ನೊಂದು ನಡೆಯಿತು. ಒಬ್ಬ ಪ್ರವಾಸಿ ಟಾಯ್ಲೆಟ್ ಎಲ್ಲಿ ಎಂದು ಅವರನ್ನೇ ಕೇಳಿದ. ಗುರುಸಿದ್ದಪ್ಪನವರು ಆರನೆಯ ಶತಮಾನಕ್ಕೆ ಹೋಗಲಿಲ್ಲ. ಸರಿಯಾಗಿ ಕೈಮಾಡಿ ತೋರಿಸಿದರು. ಹುಸೇನಸಾಬ ಎದೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತ.

‘ಹೋತು. ಮುಗೀತು’ ಎಂದ. ‘ಸಾಯೋ ಮುಂದ ಒಮ್ಮೆ ಕಿವಿ ತೆರೀತಾವ, ಮತ್ತ ಮುಚ್ಕೋತಾವ. ನಮ್ಮಜ್ಜಗೂ ಹಿಂಗ ಆಗಿತ್ತು.’

ಮುಚ್ಚಿಕೊಂಡವೋ ಇಲ್ಲವೋ ಪರೀಕ್ಷಿಸಲು ಅವನು ಮೆಲ್ಲಗೆ ಅವರ ಬೆನ್ನ ಹಿಂದೆ ಹೋಗಿ, ‘ನಿಮ್ಮ ರುಮಾಲಿಗೆ ಬೆಂಕಿ ಹತ್ತೇತಿ’ ಎಂದು ದೊಡ್ಡದಾಗಿ ಒದರಿದ. ಅವರು ಕೆರೆಯನ್ನು ನೋಡುತ್ತಾ ಹಾಗೆಯೇ ನಿಂತಿದ್ದರು. ಮುಚ್ಚಿಕೊಂಡಿವೆ ಎಂದು ಖಾತ್ರಿಯಾಯಿತು.

ನಾವಿಬ್ಬರೂ ಚೊಳಚಗುಡ್ಡಕ್ಕೆ ಹೋದೆವು. ಅವರ ಹೆಂಡತಿ ಗಂಗವ್ವಕ್ಕ ಜೋಳ ಹಸನು ಮಾಡುತ್ತಾ ಪಡಸಾಲೆಯಲ್ಲಿ ಕೂತಿದ್ದರು. ‘ಅಕ್ಕಾರ, ಗುರುಸಿದ್ದಪ್ಪನವರು ಆರಾಮ ಅದಾರೇನ್ರಿ?’ ಎಂದು ಸುತ್ತಿಬಳಸಿ ಕೇಳಿದೆ.

ಅವರು ಮೊರವನ್ನು ಕೆಳಗಿಟ್ಟರು. ‘ಏನ್ ಹೇಳಲೆಪಾ. ಭಾಳ ಬದಲಾಗ್ಯಾರ. ನಾ ಏನಂದ್ರೂ ಹೂಂ ಅಂತಾರ. ಅಡಗಿ ಮನ್ಯಾಗ ಬಂದು ಕುಂತು, ರೊಟ್ಟಿ ಬಡಿ ನೋಡೂಣು ಅಂತಾರ. ಇಷ್ಟ ವರ್ಷದಾಗ ಇಲ್ಲದ್ದು’ ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ಮುಖ ಮಾತ್ರ ನಗುತ್ತಿತ್ತು. ದುಃಖ ಜಾಸ್ತಿಯಾದರೆ ಹೆಂಗಸರು ಹೀಗೂ ನಗುತ್ತಾರೆ ಎಂದು ಹುಸೇನಸಾಬ ಹಿಂದಿರುಗುವಾಗ ನನಗೆ ತಿಳಿಸಿ ಹೇಳಿದ. ಬರುವ ದಾರಿಯಲ್ಲಿ ನಾನು ಬನಶಂಕರಿಗೆ ಕಾಯಿ ಒಡೆಸಿ, ಈ ಸಿಡುಕನನ್ನು ಉಳಿಸಿಕೊಡು ತಾಯಿ ಎಂದು ಬೇಡಿಕೊಂಡೆ. ಹುಸೇನಸಾಬ ದರ್ಗಾದಿಂದ ಒಂದು ಹಸಿರು ದಾರ ತಂದ.

ಇನ್ನು ಉಳಿದದ್ದು ಸೇವೆ. ನನ್ನ ಹೆಂಡತಿ ದಿನಾ ಶೇಂಗಾ ಹೋಳಿಗೆ ಕಟ್ಟಿ ಕಳಿಸಿದಳು. ಕಲಾದಗಿಯ ಚಿಕ್ಕು ಬಂತು, ದಾಳಿಂಬೆ ಬಂತು. ಎಲ್ಲವನ್ನೂ ಅವರು ಬೇಡವೆನ್ನದೆ ತಿಂದರು. ಮೆಟ್ಟಿಲು ಹತ್ತಿದರೆ ಎದೆಗೆ ಭಾರವೆಂದು ಭಜಿ ಅಂಗಡಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅವರನ್ನು ಕೂಡಿಸಿ, ನಾವಿಬ್ಬರೂ ಎತ್ತಿಕೊಂಡು ಮೂರನೆಯ ಗುಹೆಯವರೆಗೆ ಹತ್ತಿದೆವು. ಅವರು ಒಂದು ಕೈಯಲ್ಲಿ ದಾಳಿಂಬೆ ಹಿಡಿದು ಮಹಾರಾಜರ ಹಾಗೆ ಕೂತಿದ್ದರು. ಪ್ರವಾಸಿಗಳು ನಿಂತು ನಿಂತು ಫೋಟೋ ತೆಗೆದರು. ಈ ಮನುಷ್ಯ ಯಾರು ಎಂದು ಒಬ್ಬ ಬಿಳಿಯ ಕೇಳಿದಾಗ, ಉಸಿರು ಮೇಲೆ ಕೆಳಗಾಗುತ್ತಿದ್ದ ಹುಸೇನಸಾಬನ ಬಾಯಿಂದ ‘ಸಿಕ್ಸ್ತ್ ಸೆಂಚುರಿ’ ಎಂದೇ ಬಂತು. ನನ್ನ ಮೊಣಕಾಲು ಹಾಳಾಗಲು ಆರಂಭವಾದದ್ದು ಆ ದಿನ, ಬೇರೆ ಕಾರಣವಿಲ್ಲ.

ಗುಹೆಯ ಮುಂದಿನ ಕಟ್ಟೆಯ ಮೇಲೆ ಅವರನ್ನು ಇಳಿಸಿ ನಾವು ಅತ್ತಿತ್ತ ಕೂತೆವು. ಕೆಳಗೆ ಕೆರೆಯಲ್ಲಿ ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಗುರುಸಿದ್ದಪ್ಪನವರ ಮುಖದಲ್ಲಿ ಅದೇ ನಗು. ಎಡ್ನಾಬಾಯಿ ಹೇಳಿದ ಬೆಳಕು ಎಂದರೆ ಇದೇ ಎಂದು ನನಗೆ ಅನ್ನಿಸಿತು.

‘ಮಾತಾಡಿ ಇಟ್ಕೊಳ್ಳೂದು ಛಲೋ’ ಎಂದ ಹುಸೇನಸಾಬ, ಅವರ ತಲೆಯ ಮೇಲಿಂದ ನನ್ನನ್ನು ನೋಡಿ. ‘ಆಮ್ಯಾಲೆ ಗಡಿಬಿಡಿ ಆಕ್ಕೈತಿ. ಬೇವಿನ ಗಿಡದ ಕೆಳಗ ಮಂದಿ ಕೂಡಿಸಿದ್ರ ಮಾತಾಡವ್ರು ಯಾರು? ನೀನ ಮಾತಾಡಬೇಕು. ಏನ್ ಹೇಳ್ತಿ, ಈಗ ಹೇಳಿ ನೋಡು.’

‘ಇಲ್ಲೇ? ಇವ್ರ ಮುಂದ?’

‘ಅವ್ರಿಗೇನ್ ಕೇಳ್ತೈತಿ.’

ನಾನು ಗಂಟಲು ಸರಿಮಾಡಿಕೊಂಡೆ. ‘ಗುರುಸಿದ್ದಪ್ಪನವರು ಭಾಳ ಜಿಪುಣರಿದ್ರು’ ಎಂದು ಶುರುಮಾಡಿದೆ. ‘ಇವ್ರು ನನ್ನ ಕತ್ತಿ ಅಂದಷ್ಟು ಸಲ ನಮ್ಮವ್ವ ನನ್ನ ಹೆಸರ ಹಿಡದು ಕರದಿಲ್ಲ. ಇವ್ರ ಸಿಡಕಿಗೆ ಇಲ್ಲಿ ಮಂಗ್ಯಾಗೋಳು ಸೈತ ದಾರಿ ಬಿಡ್ತಿದ್ವು.’

‘ಖರೆ. ಮುಂದ?’ ಎಂದ ಹುಸೇನಸಾಬ.

‘ಮುಂದ...’ ಎಂದೆ. ಅಲ್ಲಿಂದ ಮುಂದಿನದು ನಾನು ಯೋಚಿಸಿ ಹೇಳಿದ್ದಲ್ಲ. ‘ನಾ ಮೊದಲನೇ ದಿನ ಪ್ರವಾಸಿಗೋಳ ಮುಂದ ನಿಂತಾಗ ಒಂದ ಮಾತೂ ಬರಲಿಲ್ಲ. ಕಂಬದ ಹಿಂದ ನಿಂತು ಒಂದೊಂದ ಮಾತು ಹೇಳಿಕೊಟ್ಟಾವ ಇವ. ಸಂಜಿತನಕ ನಿಂತ. ಆಮ್ಯಾಲೆ ಅದನ್ನ ಯಾರ ಮುಂದೂ ಆಡ್ಲಿಲ್ಲ. ನಮ್ಮಪ್ಪ ತೀರಿಕೊಂಡಾಗ ನಾ ಇಷ್ಟ ಹೆದರಿರಲಿಲ್ಲೋ ಹುಸೇನಾ. ಇವ ಹೋದ್ರ ನನಗ ಬೈಯವ್ರು ಯಾರದಾರ? ನಾ ಈ ಗುಡ್ಡ ಒಬ್ಬನ ಏರಂಗಿಲ್ಲ. ನನಗ ಇವ ಬೇಕು.’

ಮೂಗು ಸೋರುತ್ತಿತ್ತು, ಒರೆಸಿಕೊಂಡೆ. ಹುಸೇನಸಾಬನೂ ಆ ಕಡೆ ತಿರುಗಿ ಒರೆಸಿಕೊಳ್ಳುತ್ತಿದ್ದ.

‘ಹಂಗಾರ ನಾ ಹೋಗಂಗಿಲ್ಲ ಬಿಡಲೇ’ ಎಂದರು ಗುರುಸಿದ್ದಪ್ಪನವರು.

ಹುಸೇನಸಾಬ ಕಟ್ಟೆಯಿಂದ ಕೆಳಗೆ ಬಿದ್ದ. ಅವರು ರುಮಾಲನ್ನು ಮೆಲ್ಲಗೆ ಮೇಲೆ ಸರಿಸಿದರು. ಎಡಗಿವಿಯ ಹಿಂದೆ ಹುಣಸೆಬೀಜದಷ್ಟು ಒಂದು ಯಂತ್ರ ಕೂತಿತ್ತು. ಅಳಿಯ ಬಾಗಲಕೋಟೆಯ ದವಾಖಾನೆಗೆ ಕರೆದುಕೊಂಡು ಹೋಗಿ ಹಾಕಿಸಿದ್ದನಂತೆ. ನಾವು ನಗುತ್ತೇವೆಂದು ನಾಚಿಕೆಯಾಗಿ ರುಮಾಲಿನೊಳಗೆ ಮುಚ್ಚಿಟ್ಟಿದ್ದರು. ಮಂಗದ ದನಿ, ರೊಟ್ಟಿ ಬಡಿಯುವ ಸದ್ದು, ಗುಹೆಯೊಳಗೆ ಪಾರಿವಾಳ ಗುಟುರು ಹಾಕುವುದು, ಎಲ್ಲ ಮತ್ತೆ ಕೇಳಿ ಅವರಿಗೆ ತಲೆ ಕೆಟ್ಟಷ್ಟು ಖುಷಿಯಾಗಿತ್ತು.

‘ಎರಡನೇ ದಿನಾನ ಹೇಳವ ಇದ್ದೆ’ ಎಂದರು. ‘ಅಷ್ಟರಾಗ ನೀವು ನನ್ನ ಮಣ್ಣಿಗೆ ಹೊಂಟಿದ್ರಿ. ಇರಲಿ, ಕೇಳೂಣು ಅಂದೆ. ರುಮಾಲಿಗೆ ಬೆಂಕಿ ಹತ್ತೇತಿ ಅಂದಾಗ ನಗು ತಡಕೊಂಡು ತಡಕೊಂಡು ಖರೆನ ಸಾಯತಿದ್ದೆ ನೋಡಲೇ.’

ಬೈಯಬೇಕೆಂದು ನನಗೆ ಭಾಳ ಇತ್ತು. ಹೊಟ್ಟೆಗೆ ಅಷ್ಟು ಹೋಳಿಗೆ ಹಾಕಿಸಿಕೊಂಡು, ಕುರ್ಚಿಯಲ್ಲಿ ಹೊರಿಸಿಕೊಂಡು, ಈ ಮನುಷ್ಯ ಮಾಡಿದ ಆಟವೇ. ಆದರೆ ಬದುಕಿದ್ದಾರೆ, ಬದುಕಿರುತ್ತಾರೆ ಎಂಬ ಸಮಾಧಾನದಲ್ಲಿ, ಬಿದ್ದ ಹುಸೇನಸಾಬನನ್ನು ಎತ್ತಿ ಕೂಡಿಸಿದೆ.

ಅವರ ನಗು ನಿಂತಿತು. ನನ್ನ ಕಡೆ ಸ್ವಲ್ಪ ವಾಲಿ, ಯಂತ್ರವಿದ್ದ ಕಿವಿಯನ್ನು ಮುಂದೆ ಮಾಡಿದರು.

‘ಕಡೀಕ ಏನಂದಿ, ಇನ್ನೊಮ್ಮೆ ಹೇಳು’ ಎಂದರು.

‘ಏನೂ ಇಲ್ಲ ಬಿಡ್ರಿ.’

‘ಹೇಳೋ. ಎಷ್ಟೋ ವರ್ಷ ಆದ ಮ್ಯಾಲೆ ಕೇಳಾಕತ್ತೇನಿ.’

ನನ್ನಿಂದ ಆಗಲಿಲ್ಲ. ಎದುರಿಗೆ ಕೇಳುವ ಕಿವಿ ಇದೆ ಎಂದು ಗೊತ್ತಾದ ಮೇಲೆ ಆ ಮಾತು ಹೇಳುವುದು ಹೇಗೆ? ಅವರು ಆ ಯಂತ್ರವನ್ನು ಕಿವಿಯಿಂದ ಬಿಡಿಸಿ ನನ್ನ ಅಂಗೈಯಲ್ಲಿಟ್ಟು, ನನ್ನ ಬೆರಳುಗಳನ್ನು ಅದರ ಮೇಲೆ ಮಡಿಸಿದರು. ಅದು ನನ್ನ ಮುಷ್ಟಿಯೊಳಗೆ ಕುಂಯ್ ಎನ್ನತೊಡಗಿತು.

‘ಈಗ ಹೇಳು’ ಎಂದು ಕೆರೆಯ ಕಡೆ ಮುಖ ತಿರುಗಿಸಿ ಕೂತರು.

ಹೇಳಿದೆ. ಮೊದಲಿನಿಂದ, ಬೈಗುಳದ ಸಮೇತ, ಎಲ್ಲವನ್ನೂ ಹೇಳಿದೆ.